ಕುಣಿಯಲ್ಲ ಎಂದ ಹುಡುಗರು ಮತ್ತು ಕೊಟ್ಟಿಗೆ ಕಟ್ಟುವವರ ಕುಣಿತ

ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಸಾಂಸ್ಕೃತಿಕ ವಿಭಾಗದ ಹೊಣೆಯೂ ನನ್ನದೇ. ಗ್ಯಾದರಿಂಗ್ (ಕಾಲೇಜಿನ ವಾರ್ಷಿಕೋತ್ಸವ) ಹತ್ತಿರ ಬಂತು ಅಂದರೆ ಸ್ಟಾಫ್ ರೂಮಿನಲ್ಲಿ ನನ್ನ ಟೇಬಲ್ ಮೇಲೆ ಹಾಡುಗಳ ಪಟ್ಟಿ ಬಂದು ಬೀಳುತ್ತದೆ. ಈ ಪ್ರಕರಣ ಅಂಥ ಒಂದು ಗ್ಯಾದರಿಂಗ್‌ನದು. ಕೊನೆಯ ವರ್ಷದ ಹುಡುಗರ ಒಂದು ಗುಂಪು ಸ್ಟೇಜ್ ಹತ್ತುವುದೇ ಇಲ್ಲ ಎಂದು ಹಟ ಹಿಡಿದಿತ್ತು. 1954ರ ಒಂದು ಅಮೆರಿಕನ್ ಹಾಸ್ಯ ಸಂಗೀತ ಚಿತ್ರದ ಒಂದೇ ಒಂದು ಕುಣಿತ ನೋಡಿದ ಮೇಲೆ ಅದೇ ಗುಂಪು ತನ್ನದೇ ಕುಣಿತ ಕಟ್ಟಿತು. ಆ ಕುಣಿತದಲ್ಲಿ ಅಂಥದ್ದೇನಿದೆ, ನಮ್ಮ ಹುಡುಗರಿಗೆ ಅದು ಯಾಕೆ ತಾಗಿತು, ಅದರಲ್ಲಿ ಯಾವುದು ನಮಗೆ ಒಗ್ಗಲಿಲ್ಲ ಎಂಬುದನ್ನು ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.

ಹಟದ ಹಿಂದಿನ ಮಾತು

ಗುಂಪಿನ ಹುಡುಗರಲ್ಲಿ ಹೆಚ್ಚಿನವರು ಆಳಂದ, ಜೇವರ್ಗಿ, ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳವರು. ಹಾಸ್ಟೆಲ್‌ನಲ್ಲಿದ್ದು ಓದುತ್ತಾರೆ. ತೊಗರಿ ರಾಶಿಯ ಹೊತ್ತಿಗೆ ಊರಿಗೆ ಹೋಗಿ ಹೊಲದಲ್ಲಿ ದುಡಿಯುತ್ತಾರೆ. ಒಬ್ಬನ ತಂದೆ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಹಮಾಲಿ. ರಜೆಯಲ್ಲಿ ಅವನೂ ತಂದೆಯ ಜೊತೆ ಚೀಲ ಹೊರುತ್ತಾನೆ.

ಹೆಸರು ಕೊಡಿ ಎಂದಾಗ ಅವರು ಹೇಳಿದ್ದು ಒಂದೇ ಮಾತು: "ಮೇಡಂ, ಕುಣ್ಯಾದು ನಮ್ಮ ಕೆಲಸ ಅಲ್ರಿ."

ಈ ಮಾತನ್ನು ನಾನು ನಂಬಲಿಲ್ಲ. ನಮ್ಮ ಕಡೆ ಮೊಹರಂನಲ್ಲಿ ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಸುತ್ತ ಯಾರು ಹೆಜ್ಜೆ ಹಾಕುತ್ತಾರೆ? ಇದೇ ಹುಡುಗರು. ಜಾತಿ ಧರ್ಮ ನೋಡದೆ ಊರಿಗೆ ಊರೇ ಸೇರುತ್ತದೆ. ಮೊಹರಂನ ರಿವಾಯತ್ ಪದ (ಹಾಡು) ಕೇಳುತ್ತ ರಾತ್ರಿಯೆಲ್ಲ ಕುಣಿಯುತ್ತಾರೆ. ಗಣಪತಿ ಮೆರವಣಿಗೆಯಲ್ಲಂತೂ ಕೇಳುವುದೇ ಬೇಡ. ಅಲ್ಲಿ ಬರುವ ಹೆಜ್ಜೆ ಸ್ಟೇಜ್ ಮೇಲೆ ಯಾಕೆ ಬರಬಾರದು? ಇದನ್ನೇ ಕೇಳಿದೆ. ಆಳಂದ ಕಡೆಯ ಹುಡುಗ ಸ್ವಲ್ಪ ಯೋಚಿಸಿ ಹೇಳಿದ: "ಅಲ್ಲಿ ಎಲ್ಲಾರೂ ಕುಣೀತಾರ್ರಿ. ಇಲ್ಲಿ ನಾವಷ್ಟ ಕುಣೀಬೇಕು, ಉಳದೋರು ಕುಂತು ನೋಡ್ತಾರ. ಸುಮ್ಮ ಸುಮ್ಮನ ಯಾಕ ಕುಣೀಬೇಕ್ರಿ?"

ನನಗೆ ಇದು ಬಹಳ ಬೆಲೆಯುಳ್ಳ ಪ್ರಶ್ನೆ ಅನಿಸಿತು. ಅವರ ಮೈಗೆ ಕುಣಿತ ಗೊತ್ತಿದೆ, ನಾಚಿಕೆಯೂ ಅಷ್ಟಿಲ್ಲ. ಅವರು ಕೇಳುತ್ತಿದ್ದದ್ದು ಕುಣಿಯಲು ಒಂದು ಕಾರಣ. ಅಲಾಯಿಯಲ್ಲಿ ಹರಕೆ ಇದೆ, ಮೆರವಣಿಗೆಯಲ್ಲಿ ಹಬ್ಬ ಇದೆ. ಸ್ಟೇಜ್ ಮೇಲೆ ಧ್ವನಿವರ್ಧಕದಲ್ಲಿ ಹಾಡು ಹಾಕಿ ಕುಣಿ ಅಂದರೆ ಏನಿದೆ?

ಇದೇ ಪ್ರಶ್ನೆ ಕೇಳಿದ ನೃತ್ಯ ನಿರ್ದೇಶಕ

ಅದೇ ಹೊತ್ತಿಗೆ ನೆನಪಾದದ್ದು ‘ಸೆವೆನ್ ಬ್ರೈಡ್ಸ್ ಫಾರ್ ಸೆವೆನ್ ಬ್ರದರ್ಸ್’. ಎಂಜಿಎಂ ಕಂಪನಿಯ ಚಿತ್ರ. ನಿರ್ದೇಶಕ ಸ್ಟ್ಯಾನ್ಲಿ ಡೋನನ್, ನೃತ್ಯ ನಿರ್ದೇಶಕ ಮೈಕೆಲ್ ಕಿಡ್. ಕಥೆ ಅಮೆರಿಕದ ಪಶ್ಚಿಮ ಭಾಗದ ಆರೆಗಾನ್‌ನದು, 1850ರ ಕಾಲದ್ದು. ಬೆಟ್ಟದ ಮೇಲಿನ ತೋಟದ ಮನೆಯಲ್ಲಿ ಏಳು ಜನ ಅಣ್ಣತಮ್ಮಂದಿರು. ಬೈಬಲ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಇಟ್ಟಿದ್ದಾರೆ. ಆಡಂನಿಂದ ಶುರುವಾಗಿ ಗಿಡಿಯನ್‌ವರೆಗೆ. ಗಲೀಜು ಬಟ್ಟೆ, ಕೆದರಿದ ಗಡ್ಡ, ಮಾತೆತ್ತಿದರೆ ಜಗಳ. ಹಿರಿಯವನು ಪೇಟೆಗೆ ಹೋಗಿ ಮಿಲ್ಲಿ ಎಂಬ ಹುಡುಗಿಯನ್ನು ಮದುವೆಯಾಗಿ ಬರುತ್ತಾನೆ. ಆರು ಜನ ಮೈದುನರಿಗೆ ಸ್ನಾನ, ಊಟದ ರೀತಿ, ಹುಡುಗಿಯರ ಜೊತೆ ಮಾತಾಡುವ ಬಗೆ, ಕೊನೆಗೆ ಕುಣಿಯುವುದನ್ನೂ ಅವಳೇ ಕಲಿಸುತ್ತಾಳೆ.

ಮೈಕೆಲ್ ಕಿಡ್ ಮೊದಲು ಈ ಚಿತ್ರಕ್ಕೆ ಒಪ್ಪಿರಲಿಲ್ಲ. ಕಾಡಿನಲ್ಲಿ ಮರ ಕಡಿದುಕೊಂಡಿರುವ ಒರಟು ಗಂಡಸರು ಇದ್ದಕ್ಕಿದ್ದಂತೆ ಎದ್ದು ಕುಣಿದರೆ ಯಾರು ನಂಬುತ್ತಾರೆ ಎಂಬುದು ಅವರ ತಕರಾರು. ನಮ್ಮ ಆಳಂದದ ಹುಡುಗ ಕೇಳಿದ್ದೂ ಇದೇ ಅಲ್ವಾ? ಆಮೇಲೆ ಒಪ್ಪಿಕೊಂಡರು. ಆದರೆ ಹೆಜ್ಜೆಗಳನ್ನು ಹುಡುಕಿದ್ದು ಆ ಗಂಡಸರು ದಿನವೂ ಮಾಡುವ ಕೆಲಸದಲ್ಲಿ. ಕೊಡಲಿ ಬೀಸುವುದು, ಮರದ ದಿಮ್ಮಿ ಮೇಲೆ ನಿಲ್ಲುವುದು, ಹಲಗೆ ಎತ್ತುವುದು, ಬಲ ನೋಡುವುದು.

ಕಿಡ್ ಹುಟ್ಟಿದ್ದು 1915ರಲ್ಲಿ, ನ್ಯೂಯಾರ್ಕ್‌ನಲ್ಲಿ. ಕಾಲೇಜಿಗೆ ಸೇರಿದ್ದು ಕೆಮಿಕಲ್ ಎಂಜಿನಿಯರಿಂಗ್ ಓದಲು. ಅದನ್ನು ಬಿಟ್ಟು ಬ್ಯಾಲೆ ಕಲಿಯಲು ಹೋದರು. ಬಿಎಸ್ಸಿ ಹುಡುಗರಿಗೆ ಇದನ್ನು ಹೇಳಿದಾಗ ಅವರ ಕಣ್ಣು ಅರಳಿತು.

ನಾವು ನೋಡಿದ ಕುಣಿತ

ಪೂರ್ತಿ ಚಿತ್ರ ಮೊದಲೇ ತೋರಿಸಲಿಲ್ಲ. ಪ್ರೊಜೆಕ್ಟರ್ ಹಾಕಿ ಕೊಟ್ಟಿಗೆ ಕಟ್ಟುವ ದೃಶ್ಯ ಮಾತ್ರ ತೋರಿಸಿದೆ. ಯಾರದೋ ಕೊಟ್ಟಿಗೆ ಎಬ್ಬಿಸಲು ಊರವರೆಲ್ಲ ಸೇರುತ್ತಾರೆ. ನಮ್ಮಲ್ಲಿ ಮುಯ್ಯಾಳು ಅಂತ ಒಬ್ಬರ ಹೊಲಕ್ಕೆ ಎಲ್ಲರೂ ಹೋಗುವುದಿಲ್ಲವೇ, ಹಾಗೇ. ಕೆಲಸದ ಮುಂಚೆ ಕುಣಿತ. ಅಣ್ಣತಮ್ಮಂದಿರು ಬೆಟ್ಟದಿಂದ ಇಳಿದು ಬಂದಿದ್ದಾರೆ. ಪೇಟೆಯ ಹುಡುಗಿಯರು ಅವರನ್ನು ನೋಡುತ್ತಾರೆ, ಪೇಟೆಯ ಹುಡುಗರಿಗೆ ಅದು ಸಹಿಸುವುದಿಲ್ಲ. ಇಷ್ಟೇ ಸಂಗತಿ. ಕುಣಿತದಲ್ಲಿ ಹಾಡಿನ ಸಾಲುಗಳಿಲ್ಲ, ಬರೀ ವಾದ್ಯ. ಇಂಗ್ಲಿಷ್ ಅರ್ಥವಾಗದ ಹುಡುಗನಿಗೂ ಒಂದೂ ಕೊಂಡಿ ತಪ್ಪುವುದಿಲ್ಲ.

ಶುರುವಿನಲ್ಲಿ ಇದು ಸಭ್ಯ ಜೋಡಿ ಕುಣಿತ. ಒಬ್ಬ ಹುಡುಗಿಯನ್ನು ಒಂದು ಕಡೆಯವನು ಕರೆದೊಯ್ಯುತ್ತಾನೆ, ಇನ್ನೊಂದು ಕಡೆಯವನು ಸುತ್ತು ತಿರುಗುವಾಗ ಕಸಿಯುತ್ತಾನೆ. ಮೆಲ್ಲಗೆ ಅದು ಪೈಪೋಟಿಗೆ ತಿರುಗುತ್ತದೆ. ಎರಡು ಆಸರೆಗಳ ಮೇಲೆ ಇಟ್ಟ ಹಲಗೆಯ ಮೇಲೆ ಒಬ್ಬ ಹತ್ತಿ ಏನೋ ಮಾಡಿ ತೋರಿಸುತ್ತಾನೆ. ಎದುರಿನವನು ಅದಕ್ಕಿಂತ ಕಷ್ಟದ್ದು ಮಾಡುತ್ತಾನೆ. ಅದಕ್ಕೆ ಮತ್ತೊಂದು ಉತ್ತರ. ಒಂದು ಹೆಜ್ಜೆ ಇನ್ನೊಂದು ಹೆಜ್ಜೆಯನ್ನು ಹುಟ್ಟಿಸುತ್ತ ಹೋಗುತ್ತದೆ. ನಮ್ಮ ಹುಡುಗರು ಇಲ್ಲೇ ಬೆಂಚಿನ ತುದಿಗೆ ಬಂದು ಕುಳಿತರು. ಒಬ್ಬ ಕೂಗಿಯೇ ಬಿಟ್ಟ, "ಈಗ ಇವ್ನ ಪಾಳಿ!" ಕಬಡ್ಡಿ ನೋಡುವಾಗ ಬರುವ ದನಿ ಅದು.

ಕುಣಿತದ ಸೆಳೆತದ ಮೊದಲ ಗುಟ್ಟು ಇದು ಎಂದು ನನ್ನ ತೀರ್ಮಾನ. ಕಥೆ ನಿಂತು ಕುಣಿತ ಶುರುವಾಗುವುದಿಲ್ಲ. ಕಥೆ ಕುಣಿತದ ಒಳಗೇ ಮುಂದೆ ಹೋಗುತ್ತದೆ. ಕುಣಿತ ಶುರುವಾಗುವಾಗ ಅಪರಿಚಿತರಾಗಿದ್ದ ಹುಡುಗ ಹುಡುಗಿ, ಅದು ಮುಗಿಯುವಾಗ ಒಬ್ಬರನ್ನೊಬ್ಬರು ಮೆಚ್ಚಿರುತ್ತಾರೆ. ಎರಡು ಗುಂಪುಗಳ ನಡುವೆ ಹಗೆಯೂ ಬೆಳೆದಿರುತ್ತದೆ. ಒಂದು ಮಾತೂ ಆಡಿಲ್ಲ.

ಎರಡನೆಯ ಗುಟ್ಟು ಚೌಕಟ್ಟಿನದು. ಆಗ ಸಿನಿಮಾಸ್ಕೋಪ್ ಎಂಬ ಅಗಲ ಪರದೆಯ ವಿಧಾನ ಇನ್ನೂ ಹೊಸತು, ಬಂದು ವರ್ಷವೂ ತುಂಬಿರಲಿಲ್ಲ. ಪರದೆಯ ಎತ್ತರ ಒಂದಾದರೆ ಅಗಲ ಎರಡೂವರೆಗಿಂತ ಜಾಸ್ತಿ. ಆ ಅಗಲವನ್ನು ಡೋನನ್ ಮತ್ತು ಕಿಡ್ ಜನರಿಂದ ತುಂಬಿದ್ದಾರೆ. ಕ್ಯಾಮೆರಾ ಹಿಂದೆ ನಿಲ್ಲುತ್ತದೆ. ತಲೆಯಿಂದ ಪಾದದವರೆಗೆ ಮೈ ಪೂರ್ತಿ ಕಾಣುತ್ತದೆ. ಈಗಿನ ಹಾಡುಗಳಲ್ಲಿ ಸೊಂಟ ಒಂದು ಶಾಟ್, ಕೈ ಒಂದು ಶಾಟ್, ಮುಖ ಇನ್ನೊಂದು ಶಾಟ್. ಕುಣಿದದ್ದು ನರ್ತಕನೋ, ಕುಣಿಸಿದ್ದು ಸಂಕಲನದ ಕತ್ತರಿಯೋ ಎಂದು ತಿಳಿಯುವುದಿಲ್ಲ. ಇಲ್ಲಿ ಹಾರಿದವನೇ ಇಳಿಯುವುದನ್ನೂ ನೋಡುತ್ತೇವೆ. ಅದಕ್ಕೇ ನಂಬಿಕೆ ಬರುತ್ತದೆ. ಅಣ್ಣತಮ್ಮಂದಿರ ಅಂಗಿಗಳ ಬಣ್ಣ ಬೇರೆ ಬೇರೆ. ಅಷ್ಟು ದೊಡ್ಡ ಗುಂಪಿನಲ್ಲೂ ಯಾರು ಯಾರೆಂದು ಕಣ್ಣು ಹಿಡಿಯುತ್ತದೆ.

ಹಲಗೆಯ ಬಗ್ಗೆ ನನ್ನ ವಿಷಯದ ಕಡೆಯಿಂದ ಒಂದು ಮಾತು ಹೇಳಲೇಬೇಕು. ನೆಲದ ಮೇಲೆ ನಿಂತವನಿಗೆ ಕಾಲು ಅಗಲಿಸಲು ಜಾಗವಿದೆ. ಮೈಯ ಗುರುತ್ವ ಕೇಂದ್ರ ಸ್ವಲ್ಪ ಆಚೀಚೆ ಆದರೂ ಪಾದದ ಆಸರೆಯೊಳಗೇ ಇರುತ್ತದೆ. ಕಿರಿದಾದ ಹಲಗೆಯ ಮೇಲೆ ಆ ಸಡಿಲಿಕೆ ಇಲ್ಲ. ಬೆರಳಷ್ಟು ವಾಲಿದರೂ ಬೀಳುತ್ತಾನೆ. ನೋಡುವವರ ಮೈಗೆ ಈ ಲೆಕ್ಕ ಪುಸ್ತಕವಿಲ್ಲದೆ ಗೊತ್ತು. ಬಾವಿಯ ಕಟ್ಟೆ ಮೇಲೆ, ಹೊಲದ ಬದುವಿನ ಮೇಲೆ ನಡೆದವರಲ್ಲವೇ ನಾವು! ಅವನು ಹಾರಿದಾಗ ನಮ್ಮ ಉಸಿರು ನಿಲ್ಲುತ್ತದೆ. ಅವನು ಇಳಿದು ಎದುರಾಳಿಯ ಮುಖ ನೋಡಿದಾಗ ಆ ಉಸಿರು ನಗುವಾಗಿ ಹೊರಬರುತ್ತದೆ. ಈ ಕುಣಿತದ ಹಾಸ್ಯ ಹುಟ್ಟುವುದು ಭಯದಿಂದ.

ಹಾಸ್ಯಕ್ಕೆ ಇನ್ನೊಂದು ಬೇರಿದೆ. ಜಗಳವಾಡುವುದಿಲ್ಲ ಎಂದು ಹುಡುಗರು ಮಿಲ್ಲಿಗೆ ಮಾತು ಕೊಟ್ಟಿದ್ದಾರೆ. ಕುಣಿತ ಮುಗಿದು ಕೆಲಸ ಶುರುವಾದಾಗ ಪೇಟೆಯವರು ಬೇಕೆಂದೇ ಕೆಣಕುತ್ತಾರೆ. ಇವರು ಹಲ್ಲು ಕಚ್ಚಿ ಸಹಿಸುತ್ತಾರೆ. ಕೊನೆಗೆ ಹೊಡೆದಾಟ ಆಗಿಯೇ ಆಗುತ್ತದೆ. ಆ ಹೊಡೆದಾಟವೂ ತಾಳಬದ್ಧ. ಎಲ್ಲರೂ ಸೇರಿ ಎಬ್ಬಿಸಿದ ಕೊಟ್ಟಿಗೆ ಕುಸಿದು ಬೀಳುತ್ತದೆ. ಹಾಸ್ಟೆಲ್ ಹುಡುಗರು ಇಲ್ಲಿ ಬಿದ್ದು ಬಿದ್ದು ನಕ್ಕರು.

ಕುಣಿಯಲು ಬಾರದವನ ಜಾಗ

ತೆರೆಯ ಮೇಲಿನ ಅಣ್ಣತಮ್ಮಂದಿರು ಯಾರು ಎಂಬುದನ್ನೂ ಹುಡುಗರಿಗೆ ಹೇಳಿದೆ. ಜಾಕ್ ಡಾಂಬ್ವಾಜ್ ನ್ಯೂಯಾರ್ಕ್ ಸಿಟಿ ಬ್ಯಾಲೆಯ ನರ್ತಕ. ಟಾಮಿ ರಾಲ್, ಮಾರ್ಕ್ ಪ್ಲ್ಯಾಟ್, ಮ್ಯಾಟ್ ಮ್ಯಾಟಾಕ್ಸ್ ಕೂಡ ಪಳಗಿದ ನರ್ತಕರೇ. ಕಿರಿಯವನಾದ ಗಿಡಿಯನ್ ಪಾತ್ರದ ರಸ್ ಟ್ಯಾಂಬ್ಲಿನ್‌ಗೆ ಲಾಗ ಹಾಕುವುದು ಬರುತ್ತಿತ್ತು. ಆದರೆ ಬೆಂಜಮಿನ್ ಆಗಿ ನಟಿಸಿದ ಜೆಫ್ ರಿಚರ್ಡ್ಸ್ ಮೊದಲು ಬೇಸ್‌ಬಾಲ್ ಆಟಗಾರ. ನರ್ತಕನಲ್ಲ. ಕಿಡ್ ಅವರನ್ನು ಬದಿಗೆ ನಿಲ್ಲಿಸಿದರು, ಕೆಲವು ಕಡೆ ಕೂರಿಸಿದರು. ಗುಂಪಿನಲ್ಲಿ ಅವರು ಇದ್ದಾರೆ, ಆದರೆ ಕಷ್ಟದ ಹೆಜ್ಜೆ ಅವರ ಪಾಲಿಗಿಲ್ಲ.

ಇದನ್ನು ಕೇಳಿದ ಮೇಲೆ ಹುಡುಗರು ಮತ್ತೊಮ್ಮೆ ದೃಶ್ಯ ಹಾಕಿಸಿ ಅವರನ್ನೇ ಹುಡುಕಿದರು. ಸೇಡಂ ಕಡೆಯ ಒಬ್ಬ ಹುಡುಗನಿಗೆ ತಾಳ ನಿಜವಾಗಿಯೂ ಕೂರುವುದಿಲ್ಲ. ಹಟದ ಗುಂಪಿನ ಮುಂದಾಳು ಅವನೇ. ತನಗೂ ಒಂದು ಜಾಗ ಸಿಗುತ್ತದೆ ಎಂದು ಗೊತ್ತಾದಾಗ ಅವನ ಹಟ ಅರ್ಧ ಕರಗಿತು. ಒಳ್ಳೆಯ ನೃತ್ಯ ನಿರ್ದೇಶಕ ಯಾರನ್ನೂ ಹೊರಗೆ ಕಳಿಸುವುದಿಲ್ಲ, ಅವರ ಮೈಗೆ ಒಪ್ಪುವ ಕೆಲಸ ಹುಡುಕುತ್ತಾನೆ. ಕಾಲೇಜುಗಳಲ್ಲಿ ನಾವು ಆಡಿಷನ್ ಅಂತ ಮಾಡಿ ಮೊದಲ ದಿನವೇ ಅರ್ಧ ಜನರನ್ನು ಮನೆಗೆ ಕಳಿಸುತ್ತೇವೆ. ಇದು ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಹುಡುಗಿಯರ ಪ್ರಶ್ನೆ

ಆಮೇಲೆ ಒಂದು ಶನಿವಾರ ಪೂರ್ತಿ ಚಿತ್ರ ನೋಡಿದೆವು. ಹುಡುಗಿಯರೂ ಬಂದಿದ್ದರು. ಕೊಟ್ಟಿಗೆಯ ಕುಣಿತಕ್ಕೆ ಅವರೂ ಚಪ್ಪಾಳೆ ತಟ್ಟಿದರು. ಆದರೆ ಮುಂದಿನ ಕಥೆ ಬೇರೆ. ಪ್ರಾಚೀನ ರೋಮಿನ ಸೇಬೈನ್ ಹೆಂಗಸರ ಅಪಹರಣದ ಕಥೆ ಕೇಳಿ ಉತ್ತೇಜನಗೊಂಡು, ಹುಡುಗರು ರಾತ್ರಿ ಪೇಟೆಗೆ ಇಳಿದು ತಾವು ಮೆಚ್ಚಿದ ಹುಡುಗಿಯರನ್ನು ಎತ್ತಿಕೊಂಡು ಬರುತ್ತಾರೆ. ಹಿಮ ಕುಸಿದು ದಾರಿ ಮುಚ್ಚುತ್ತದೆ. ಚಿತ್ರ ಇದನ್ನೂ ನಗೆಯಾಗಿಯೇ ತೋರಿಸುತ್ತದೆ.

ಜೇವರ್ಗಿಯ ಹುಡುಗಿ ಎದ್ದು ನಿಂತಳು. "ಮೇಡಂ, ಕುಣ್ಯಾಗ ಆ ಹುಡುಗೇರು ತಾವ ಇಷ್ಟಪಟ್ಟು ಕೈ ಹಿಡದ್ರು. ಮತ್ತ ಎತ್ಗೊಂಡ್ ಹೋಗೋದ್ಯಾಕ್ರಿ? ಇದ್ರಾಗ ನಗೋದೇನದ?"

ನನ್ನ ಉತ್ತರ ನೇರವಾಗಿತ್ತು. ನಗುವಂಥದ್ದು ಏನೂ ಇಲ್ಲ. ಚಿತ್ರದಲ್ಲಿ ಮಿಲ್ಲಿಯೇ ಆ ಗಂಡಸರನ್ನು ಬೈದು ಮನೆಯಿಂದ ಹೊರಗೆ, ಕೊಟ್ಟಿಗೆಗೆ ಅಟ್ಟುತ್ತಾಳೆ. ಆದರೂ ಕಥೆ ಕೊನೆಗೆ ಅವರ ಪರವೇ ವಾಲುತ್ತದೆ. ಅದು ತಪ್ಪು. ಆ ಹುಡುಗಿಯ ಮಾತಿನಲ್ಲಿ ಇನ್ನೂ ಒಂದು ಸತ್ಯವಿತ್ತು. ಕುಣಿತದಲ್ಲಿ ಹೆಣ್ಣುಮಕ್ಕಳಿಗೆ ಆಯ್ಕೆ ಇದೆ. ಜೊತೆಗಾರನನ್ನು ಬದಲಿಸುತ್ತಾರೆ, ಗೆದ್ದವನನ್ನು ನೋಡಿ ನಗುತ್ತಾರೆ, ಬೇಡವಾದವನಿಂದ ಸರಿಯುತ್ತಾರೆ. ಕುಣಿತ ಕೊಟ್ಟದ್ದನ್ನು ಕಥೆ ಕಸಿದುಕೊಳ್ಳುತ್ತದೆ. ಚಿತ್ರ ತೋರಿಸುವ ಯಾವ ಮೇಷ್ಟ್ರೂ ಈ ಮಾತನ್ನು ನುಂಗಬಾರದು. ಕುಣಿತ ಚೆನ್ನಾಗಿದೆ ಎಂದು ಕಥೆಗೆ ಮಾಫಿ ಕೊಡಬೇಕಿಲ್ಲ. ಕಥೆ ಸರಿಯಿಲ್ಲ ಎಂದು ಕುಣಿತವನ್ನು ಮುಚ್ಚಿಡಬೇಕಾಗಿಯೂ ಇಲ್ಲ.

ನಮ್ಮ ಕುಣಿತ

ಚಿತ್ರದ ಹೆಜ್ಜೆಗಳನ್ನು ನಕಲು ಮಾಡಬಾರದು ಎಂದು ಮೊದಲೇ ಗೆರೆ ಎಳೆದೆ. ನಮ್ಮ ಹುಡುಗರು ಆರೆಗಾನ್‌ನವರಲ್ಲ. ಕಿಡ್ ಕೇಳಿದ ಪ್ರಶ್ನೆಯನ್ನಷ್ಟೇ ತೆಗೆದುಕೊಂಡೆವು: ಈ ಜನ ದಿನವೂ ಮೈ ಬಗ್ಗಿಸುವುದು ಯಾವ ಕೆಲಸಕ್ಕೆ?

ಉತ್ತರ ಸುಲಭ. ತೊಗರಿ. ಕೊಯ್ಯುವುದು, ಕಟ್ಟುವುದು, ಬಡಿಯುವುದು, ತೂರುವುದು, ಚೀಲ ತುಂಬುವುದು, ಗಂಜಿಗೆ ಸಾಗಿಸುವುದು. ಈಗ ಬಡಿಯಲು ಮಷೀನ್ ಬಂದಿದೆ. ಆದರೂ ಬಡಿಗೆ ಹಿಡಿಯುವುದು ಹುಡುಗರಿಗೆ ಮರೆತಿಲ್ಲ. ಗಂಜಿನ ಹುಡುಗ ಚೀಲ ಎತ್ತುವುದನ್ನು ತೋರಿಸಿದ. ಇಬ್ಬರು ಎರಡು ತುದಿ ಹಿಡಿದು ತೂಗಿ ಎತ್ತುತ್ತಾರೆ, ಮೂರನೆಯವನು ಬೆನ್ನು ಕೊಟ್ಟು ಕೆಳಗೆ ನುಗ್ಗುತ್ತಾನೆ. ಇದರಲ್ಲೇ ತಾಳ ಇದೆ. ನಾವು ಅದಕ್ಕೆ ಡೊಳ್ಳು ಸೇರಿಸಿದೆವು. ಧ್ವನಿಮುದ್ರಿತ ಹಾಡು ಬೇಡ ಎಂದು ಹುಡುಗರೇ ಹೇಳಿದರು.

ಅದೇ ಚಿತ್ರದ ಇನ್ನೊಂದು ಹಾಡೂ ನೆರವಾಯಿತು. ಚಳಿಗಾಲದಲ್ಲಿ ಒಂಟಿಯಾದ ಗಂಡಸರು ಹಿಮದ ನಡುವೆ ಕಟ್ಟಿಗೆ ಕಡಿಯುತ್ತ, ಗರಗಸ ಎಳೆಯುತ್ತ ಹಾಡುತ್ತಾರೆ. ನಿಧಾನದ ಚಲನೆ. ಅದನ್ನು ಕತ್ತರಿಸದೆ ಒಂದೇ ಶಾಟ್‌ನಲ್ಲಿ ತೆಗೆದಿದ್ದಾರೆ. ಹಿಂದಿನ ಬೆಟ್ಟ, ಆಕಾಶ ಎಲ್ಲ ಬರೆದ ಪರದೆ. ಇದನ್ನು ಹುಡುಗರು ತಕ್ಷಣ ಗುರುತು ಹಿಡಿದರು. ನಾಟಕ ಕಂಪನಿಯ ಪರದೆ ನೋಡಿದ ಕಣ್ಣು ಅದು. ಸಿನಿಮಾ ಪೋಸ್ಟರ್ ಬರೆದು ಹೆಸರಾದ ಎಸ್.ಎಂ. ಪಂಡಿತರ ಊರಿನ ಮಕ್ಕಳಿಗೆ ಬರೆದ ಬೆಟ್ಟ ಯಾಕೆ ಕಡಿಮೆ ಅನಿಸಬೇಕು? ನಾವೂ ಹಿಂದೆ ಒಂದು ಹೊಲ ಬರೆಸಿದೆವು. ಕೊಯ್ಯುವ ಭಾಗವನ್ನು ಆ ಹಾಡಿನ ಹಾಗೆ ನಿಧಾನವಾಗಿ ಇಟ್ಟೆವು. ಆಮೇಲೆ ಬಡಿಯುವ ವೇಗ ಬಂದಾಗ ಅದು ಎದ್ದು ಕಾಣುತ್ತದೆ.

ಹಲಗೆ ಮಾತ್ರ ನಮಗೆ ಒಗ್ಗಲಿಲ್ಲ. ಸೆಂಟ್ರಿಂಗ್ ಕೆಲಸದ ಹಲಗೆ ತರಿಸಿ ಎರಡು ಬೆಂಚುಗಳ ಮೇಲೆ ಇಟ್ಟು ನೋಡಿದೆವು. ನಡುವೆ ಬಾಗುತ್ತಿತ್ತು. ಕಿಡ್ ಬಳಿ ವರ್ಷಗಟ್ಟಲೆ ಪಳಗಿದ ಮೈಗಳಿದ್ದವು. ನನ್ನ ಬಳಿ ಪರೀಕ್ಷೆ ಹತ್ತಿರವಾದ ಮಕ್ಕಳು. ಇಟ್ಟಿಗೆ ಮೇಲೆ ತಗ್ಗಿನಲ್ಲಿ ಹಲಗೆ ಇಟ್ಟರೆ ಅಪಾಯವಿಲ್ಲ, ಆದರೆ ನಗುವೂ ಇಲ್ಲ. ರಿಹರ್ಸಲ್ ನೋಡಲು ಬಂದವರು ಸುಮ್ನೆ ನೋಡಿದರು ಅಷ್ಟೆ. ಭಯ ಹೋದರೆ ಹಾಸ್ಯವೂ ಹೋಗುತ್ತದೆ ಎಂಬುದು ನಮ್ಮ ಕಣ್ಣೆದುರೇ ಖಚಿತವಾಯಿತು. ಹಲಗೆಯನ್ನು ಕೈಬಿಟ್ಟು ಚೀಲದ ಪೈಪೋಟಿ ಇಟ್ಟೆವು. ಎರಡು ಊರಿನ ಗುಂಪು. ಒಬ್ಬ ಚೀಲ ಹೊತ್ತು ಸುತ್ತು ಬರುತ್ತಾನೆ. ಮತ್ತೊಬ್ಬ ಹೊತ್ತುಕೊಂಡೇ ಕುಳಿತು ಏಳುತ್ತಾನೆ. ಇನ್ನೊಬ್ಬ ಹೊತ್ತುಕೊಂಡು ಒಂಟಿ ಕಾಲಲ್ಲಿ ಕುಂಟುತ್ತಾನೆ. ಚೀಲದಲ್ಲಿ ಇದ್ದದ್ದು ತೊಗರಿ ಹೊಟ್ಟು. ಆದರೆ ನೋಡುವವರಿಗೆ ಚೀಲ ಯಾವಾಗ ಬೀಳುತ್ತದೋ ಎಂಬ ಆತಂಕ ಪೂರ್ತಿ ಸಿಕ್ಕಿತು.

ತಾಳ ಕೂರದ ಸೇಡಂ ಹುಡುಗ ತೂಕದವನಾದ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಕೈಯಲ್ಲಿ ಪುಸ್ತಕ ಹಿಡಿದು ತಕ್ಕಡಿ ಪಕ್ಕ ನಿಲ್ಲುವುದು ಅವನ ಕೆಲಸ. ಪ್ರತಿ ಚೀಲಕ್ಕೂ ಅವನು ಗಂಭೀರವಾಗಿ ತಲೆ ಅಲ್ಲಾಡಿಸಿ ಬರೆದುಕೊಳ್ಳುತ್ತಿದ್ದ. ಸಭೆ ಹೆಚ್ಚು ನಕ್ಕದ್ದು ಅವನನ್ನು ನೋಡಿ.

ಹುಡುಗಿಯರ ಭಾಗ ಜೇವರ್ಗಿಯ ಹುಡುಗಿಯೇ ಕಟ್ಟಿದಳು. ತೊಗರಿ ಹೊಲದಲ್ಲಿ ಹೆಂಗಸರ ದುಡಿಮೆ ಎಷ್ಟು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಅವಳು ಮೊರ ಹಿಡಿದು ತೂರುವ ಸಾಲನ್ನು ನಡುವೆ ತಂದಳು. ಗಂಡಸರ ಪೈಪೋಟಿ ಜೋರಾದಾಗ ಆ ಸಾಲು ಅಡ್ಡ ಹಾಯ್ದು ಎರಡೂ ಗುಂಪನ್ನು ಬೇರೆ ಮಾಡುತ್ತದೆ. ಕೊನೆಯ ಚೀಲವನ್ನು ಎತ್ತುವವರೂ ಹುಡುಗಿಯರೇ. ಇದು ಅವಳ ಹಟ. ಗಂಡುಮಕ್ಕಳು ಮೊದಲು ಗೊಣಗಿದರು, ಆಮೇಲೆ ಒಪ್ಪಿದರು.

ಪ್ರದರ್ಶನ ಮತ್ತು ನಂತರ

ಸ್ಟೇಜ್ ಕಟ್ಟುವವನಿಗೆ ಎತ್ತರ ಕಡಿಮೆ ಮಾಡಿ ಅಗಲ ಜಾಸ್ತಿ ಕೊಡಲು ಹೇಳಿದ್ದೆ. ಸಿನಿಮಾಸ್ಕೋಪ್ ಕಲಿಸಿದ್ದು ಅದು. ಹುಡುಗರು ಎಲ್ಲರೂ ಒಂದೇ ಸಾಲಿನಲ್ಲಿ ಬಂದು ನಿಂತಾಗ ಪೆಂಡಾಲ್ ಪೂರ್ತಿ ಎದ್ದಿತು. ಆದರೆ ಸಭೆಯಲ್ಲಿ ಎಲ್ಲರೂ ಮೊಬೈಲ್ ಉದ್ದಕ್ಕೆ ಹಿಡಿದು ವಿಡಿಯೊ ಮಾಡಿದರು. ಆ ವಿಡಿಯೊಗಳಲ್ಲಿ ಇಬ್ಬರೋ ಮೂವರೋ ಕಾಣುತ್ತಾರೆ. ಸವಾಲು ಹಾಕಿದವನಿದ್ದರೆ ಉತ್ತರ ಕೊಟ್ಟವನಿಲ್ಲ. ಪೈಪೋಟಿಯೇ ಮಾಯ. ಹಿಂದಿನ ಸಾಲಿನಲ್ಲಿ ಸ್ಟ್ಯಾಂಡ್ ಹಾಕಿ ಅಡ್ಡಕ್ಕೆ ಇಟ್ಟ ಒಂದೇ ಮೊಬೈಲಿನಲ್ಲಿ ಕುಣಿತ ಪೂರ್ತಿ ಸಿಕ್ಕಿದೆ. ಈ ಪ್ರಯೋಗ ಮಾಡುವ ಬೇರೆ ಕಾಲೇಜಿನವರು ಇದೊಂದನ್ನು ಮೊದಲೇ ಯೋಚಿಸಲಿ. ದೃಶ್ಯ ತೋರಿಸುವಾಗಲೂ ದೊಡ್ಡ ಪರದೆ ಬೇಕು. ಮೊಬೈಲಿನಲ್ಲಿ ತೋರಿಸಿದರೆ ಅರ್ಧ ಸತ್ವ ಹೋಗುತ್ತದೆ.

ಗಂಜಿನ ಹುಡುಗನ ತಂದೆ ನೋಡಲು ಬಂದಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಮಗನನ್ನು ಕರೆದು, "ಛಲೋ ಮಾಡೀರಿ. ಆದ್ರ ಚೀಲ ಹೊತ್ತಾಗ ಯಾರೂ ಅಷ್ಟು ಉದ್ದ ಹೆಜ್ಜಿ ಹಾಕಂಗಿಲ್ಲೊ, ಸೊಂಟ ಹಿಡೀತದ," ಅಂದರು. ಅಲ್ಲೇ ಖಾಲಿ ಸ್ಟೇಜ್ ಪಕ್ಕ ಒಂದು ಚೀಲ ಬೆನ್ನಿಗೇರಿಸಿಕೊಂಡು, ಮೊಣಕಾಲು ಸ್ವಲ್ಪ ಬಗ್ಗಿಸಿ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಓಡಿ ತೋರಿಸಿದರು. ಹುಡುಗರು ಅವರ ಹಿಂದೆ ಸಾಲಾಗಿ ನಿಂತು ಅದನ್ನೇ ಮಾಡಿದರು. ಹಾಸ್ಟೆಲ್ ಡೇಗೆ ಮತ್ತೆ ಆಡಿದಾಗ ಹೆಜ್ಜೆ ಹಾಗೆಯೇ ಬದಲಾಗಿತ್ತು, ಡೊಳ್ಳಿನ ತಾಳವನ್ನೂ ಅದಕ್ಕೆ ಹೊಂದಿಸಿ ಚುರುಕು ಮಾಡಿದ್ದರು.